ಹಳೇ ಬಿಎಂಡಬ್ಲ್ಯೂ 530ಡಿನಾ, ಬೆಂಜ್ ಇ280 ಸಿಡಿಐನಾ?

ಹಾಸನದವ:
ಎರಡು ಗಾಡಿ ನೋಡಿ ಬಂದೆ. ಎರಡೂ 2008ರವು, ಡೀಸೆಲ್, ಆರು ಸಿಲಿಂಡರ್. ಒಂದು ಬೆಂಗಳೂರು ರಿಜಿಸ್ಟ್ರೇಷನ್ನಿನ 530ಡಿ, ಇ60 ಮಾಡೆಲ್. ಇನ್ನೊಂದು ಬೆಂಜ್ ಇ280, ಡಬ್ಲ್ಯೂ211. ಅದು ಪುಣೆಯ ಗಾಡಿ, ಅದಕ್ಕೇ ಒಂದೂವರೆ ಲಕ್ಷ ಕಡಿಮೆ ಹೇಳ್ತಿದ್ದಾರೆ. ದಿನದ ಓಡಾಟಕ್ಕೆ ಸ್ವಿಫ್ಟ್ ಇದೆ. ಇದು ಬೆಂಗಳೂರಿಗೆ, ಆಗಾಗ ಶಿರಾಡಿ ಇಳಿದು ಮಂಗಳೂರಿಗೆ. ಹಿಂದಿನ ಸೀಟಲ್ಲಿ ಅಪ್ಪ ಅಮ್ಮ. ಯಾವುದು ತಗೊಳ್ಳಲಿ?

ಘಾಟಿಪ್ರಿಯ:
530ಡಿ, ಕಣ್ಮುಚ್ಚಿ. 235 ಎಚ್‌ಪಿ, 500 ಎನ್‌ಎಂ ಟಾರ್ಕ್ (ಎಳೆಯುವ ಬಲ). ಬೆಂಜ್‌ದು 190, 440. ಶಿರಾಡಿ ಏರುವಾಗ ಮುಂದೆ ಟ್ಯಾಂಕರ್ ಸಿಕ್ಕರೆ ಗೊತ್ತಾಗುತ್ತದೆ ಈ ವ್ಯತ್ಯಾಸ.

ಮೈಸೂರು ಡೀಸೆಲ್:
ಘಾಟಿಪ್ರಿಯ ಅವರೇ, ಕಣ್ಮುಚ್ಚಿ ಮಾತ್ರ ಬೇಡ ಮಾರಾಯ್ರೇ. ನನ್ನ ಹತ್ತಿರ ಇ280 ಇದೆ, ತಮ್ಮನದು 530ಡಿ. ಓಡಿಸೋಕೆ ಅವನದೇ ಚೆಂದ, ಒಪ್ಪುತ್ತೇನೆ. ಸ್ಟೀರಿಂಗ್ ಹಿಡಿದರೆ ರಸ್ತೆ ಕೈಗೆ ಬರುತ್ತದೆ. ಆದರೆ ನಮ್ಮಮ್ಮ ಅದರಲ್ಲಿ ಒಂದು ಸಲ ಕೂತು, ಇನ್ನು ಬಸ್ಸಲ್ಲೇ ಬರುತ್ತೇನೆ ಅಂದರು. ಇ60ಗೆ ಸಾಮಾನ್ಯವಾಗಿ ರನ್‌ಫ್ಲಾಟ್ ಟೈರ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು. ಅದರ ಪಕ್ಕದ ಗೋಡೆ ಗಟ್ಟಿ, ಪ್ರತಿ ಗುಂಡಿಯೂ ಸೊಂಟಕ್ಕೆ ತಾಗುತ್ತದೆ. ಮಾಮೂಲಿ ಟೈರ್ ಹಾಕಿಸಿದ ಮೇಲೆ ಎಷ್ಟೋ ವಾಸಿ. ಆಗ ಸ್ಟೆಪ್ನಿ ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು.

ಬಿಎಂಡಬ್ಲ್ಯೂನಲ್ಲಿ ಮೊದಲು ಮುಂಭಾಗ ನೋಡಿ. ಅದರ ಮುಂದಿನ ಚೌಕಟ್ಟು ಅಲ್ಯೂಮಿನಿಯಂ. ಗುದ್ದಿಸಿಕೊಂಡ ಗಾಡಿಯಾದರೆ ಊರಿನ ಟಿಂಕರಿಂಗ್‌ನವರಿಂದ ಸರಿ ಮಾಡಿಸೋಕೆ ಆಗಲ್ಲ. ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿ. "ಅದು ಲೈಫ್‌ಟೈಮ್ ಆಯಿಲ್ ಸಾರ್" ಅಂದರೆ ಬದಲಾಯಿಸಿಲ್ಲ ಅಂತಲೇ ಅರ್ಥ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಾಯಿಸಿ ಅನ್ನುತ್ತದೆ. ಫಿಲ್ಟರ್ ಪ್ಲಾಸ್ಟಿಕ್ ತಟ್ಟೆಯ ಜೊತೆಗೇ ಸೇರಿರುತ್ತದೆ, ತಟ್ಟೆ ಸಮೇತ ಹೊಸದು ಹಾಕಬೇಕು.

ಬೆಂಜ್‌ನ ವಿ6ಗೆ ಬೇರೆ ಕಾಯಿಲೆ. ಆಯಿಲ್ ಕೂಲರ್ ಎಂಜಿನ್ನಿನ ಎರಡು ಸಿಲಿಂಡರ್ ಸಾಲುಗಳ ಮಧ್ಯೆ ಕೂತಿದೆ. ವಯಸ್ಸಾದಾಗ ಅದರ ಸೀಲ್ ಸೋರಿ, ಎಣ್ಣೆ ಹಿಂದಕ್ಕೆ ಹರಿದು ಗೇರ್‌ಬಾಕ್ಸ್ ಸೇರುವ ಕಡೆ ತೊಟ್ಟಿಕ್ಕುತ್ತದೆ. ಸೀಲ್‌ಗೆ ದುಡ್ಡು ಏನೂ ಇಲ್ಲ, ಆದರೆ ಟರ್ಬೊ, ಇಂಟೇಕ್ ಎಲ್ಲ ಬಿಚ್ಚಬೇಕು. ಕೂಲಿ ಜಾಸ್ತಿ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ಟಾರ್ಚ್ ಬಿಟ್ಟು ನೋಡಿ. ಎಂಜಿನ್ ಈಗಷ್ಟೇ ತೊಳೆದಿದ್ದರೆ ಅನುಮಾನ ಪಡಿ.

ಹಾಸನದವ:
ಥ್ಯಾಂಕ್ಸ್ ಸಾರ್. ಬ್ರೋಕರ್ ಈಗ 2009ರ 520ಡಿ ಒಂದನ್ನೂ ತೋರಿಸ್ತಿದ್ದಾನೆ, ಮೈಲೇಜ್ ಜಾಸ್ತಿ ಅಂತೆ. ಇನ್ನೊಬ್ಬ ಇದೇ ಡಬ್ಲ್ಯೂ211 ಮಾಡೆಲ್ಲಿನ 2004ರ ಬೆಂಜ್ ಸಸ್ತಾಕ್ಕೆ ಇದೆ ಅಂದ.

ಮೈಸೂರು ಡೀಸೆಲ್:
ಎರಡೂ ಬಿಡಿ. ಆ 520ಡಿಯ ಎನ್47 ಎಂಜಿನ್ನಿನ ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆ ಇದೆ. ಸವೆದರೆ ಸಾಮಾನ್ಯವಾಗಿ ಎಂಜಿನ್ ಇಳಿಸಬೇಕು, ತುಂಡಾದರೆ ಎಂಜಿನ್ನೇ ಹೋಯಿತು. ಉಳಿಸಿದ ಡೀಸೆಲ್ ದುಡ್ಡು ಅಲ್ಲಿಗೇ. 2004ರ ಬೆಂಜ್‌ಗೆ ಎಸ್‌ಬಿಸಿ ಅನ್ನೋ ಎಲೆಕ್ಟ್ರಾನಿಕ್ ಬ್ರೇಕ್, ಅದೇ ತಲೆನೋವು. 2006ರ ಫೇಸ್‌ಲಿಫ್ಟ್‌ನಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು.

ಅಪ್ಪ ಅಮ್ಮನಿಗೆ ಅಂದರೆ ನನ್ನ ಓಟು ಇ280ಗೆ. ಆದರೆ 15 ವರ್ಷ ದಾಟಿದ ಎಂಎಚ್ ಗಾಡಿ. ಆರ್‌ಸಿ ರಿನ್ಯೂ ಆಗಿದೆಯಾ ನೋಡಿ. ಎನ್‌ಒಸಿ, ಇಲ್ಲಿನ ಟ್ಯಾಕ್ಸ್ ಎಷ್ಟು, ರಿಜಿಸ್ಟರ್ ಮಾಡಿಕೊಡ್ತಾರಾ ಅಂತ ಹಾಸನ ಆರ್‌ಟಿಒದಲ್ಲಿ ಕೇಳದೆ ಅಡ್ವಾನ್ಸ್ ಕೊಡಬೇಡಿ. ಆ ಒಂದೂವರೆ ಲಕ್ಷ ಅಲ್ಲೇ ಕರಗಿದರೆ ಬೆಂಗಳೂರಿನ 530ಡಿ ತಗೊಂಡು ಟೈರ್ ಬದಲಾಯಿಸಿ.

ಘಾಟಿಪ್ರಿಯ:
ನಾನೂ ಅದೇ ಅಲ್ವಾ ಹೇಳಿದ್ದು!