ಹೋಟೆಲ್ ನೆಟ್‌ವರ್ಕ್‌ನಲ್ಲಿ ಸಾಧನ 14, ಸ್ಕ್ರಿಪ್ಟ್‌ಗೆ ಕಾಣುವುದು 9

ಮಾಟುಂಗಾ_ಬಿಲ್ಲಿಂಗ್

ಮಾಟುಂಗಾದ ಒಂದು ಉಡುಪಿ ಹೋಟೆಲಿನ ನೆಟ್‌ವರ್ಕ್. ರೂಟರ್ 1, ಆಕ್ಸೆಸ್ ಪಾಯಿಂಟ್ 1, ವಿಂಡೋಸ್ ಬಿಲ್ಲಿಂಗ್ ಕಂಪ್ಯೂಟರ್ 2, ಕೆಒಟಿ (ಅಡುಗೆಯವರಿಗೆ ಹೋಗುವ ಆರ್ಡರ್ ಚೀಟಿ) ಪ್ರಿಂಟರ್ 3 (ಅಡುಗೆಮನೆ, ದೋಸೆ ಕಾವಲಿ, ಜ್ಯೂಸ್ ಕೌಂಟರ್), ಕ್ಯಾಮೆರಾದ ಡಿವಿಆರ್ 1, ಆರ್ಡರ್ ತೆಗೆಯುವ ಫೋನ್ 6. ಗಲ್ಲಾದ ಪಕ್ಕದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರಿನಲ್ಲಿ (ಇದು 14ರ ಲೆಕ್ಕದಲ್ಲಿಲ್ಲ) ಪೈಥಾನ್ ಸ್ಕ್ರಿಪ್ಟ್ ಇದೆ: 192.168.1.1ರಿಂದ 254ರವರೆಗೆ ಒಂದೊಂದಕ್ಕೂ ಒಂದು ಪಿಂಗ್ ('ಇದ್ದೀಯಾ' ಎಂದು ಕೇಳುವ ಸಂದೇಶ), 1 ಸೆಕೆಂಡ್ ಕಾಯುವುದು, ಉತ್ತರ ಬಂದರೆ ಪಟ್ಟಿಗೆ ಸೇರಿಸುವುದು.

ಒಂದು ಸುತ್ತಿಗೆ 4 ನಿಮಿಷ ಬೇಕು. ಬಿಲ್ಲಿಂಗ್ ಕಂಪ್ಯೂಟರ್ ಎರಡೂ ಕಾಣುವುದೇ ಇಲ್ಲ, ಮೂರು ಫೋನ್ ಒಮ್ಮೆ ಉಂಟು, ಒಮ್ಮೆ ಇಲ್ಲ. ಇರುವ ಫೋನೇ ಬೇರೆ ಮ್ಯಾಕ್ ವಿಳಾಸದಲ್ಲಿ (ಸಾಧನದ ನೆಟ್‌ವರ್ಕ್ ಗುರುತು) ಇನ್ನೊಂದಾಗಿ ಬರುತ್ತದೆ. ಮುಖ್ಯವಾಗಿ ಬೇಕಿರುವುದು ಇಷ್ಟು: ಕೆಒಟಿ ಪ್ರಿಂಟರ್ ನಿಂತರೆ 1 ನಿಮಿಷದೊಳಗೆ ಗೊತ್ತಾಗಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಆರ್ಡರ್ ಒಳಗೆ ಹೋಗದೆ ಗಿರಾಕಿ ಕಾಯುವಂತೆ ಆಗಬಾರದು.

ಕೋಥ್ರೂಡ್_ಪ್ಯಾಕೆಟ್

ಪಿಂಗ್‌ಗೆ ಉತ್ತರ ಇಲ್ಲ ಎಂದರೆ ಸಾಧನ ಇಲ್ಲ ಎಂದಲ್ಲ ಸರ್. ವಿಂಡೋಸ್ ಫೈರ್‌ವಾಲ್ ಪಿಂಗ್ ತಡೆಯುತ್ತದೆ. ಆದರೆ ಪಿಂಗ್ ಕಳಿಸುವ ಮುಂಚೆ ಪೈ 'ಈ ಐಪಿ ಯಾರದು' ಎಂದು ಎಆರ್‌ಪಿಯಲ್ಲಿ ಕೇಳಲೇಬೇಕು. ಅದಕ್ಕೆ ವಿಂಡೋಸ್ ಉತ್ತರ ಕೊಡುತ್ತದೆ. ಕೊಡದಿದ್ದರೆ ಅದರ ಬಿಲ್ಲಿಂಗ್ ಕೆಲಸವೇ ನಡೆಯದು. ಹಾಗಾಗಿ ಪಿಂಗ್‌ನ ಫಲಿತಾಂಶ ಬಿಟ್ಟುಬಿಡಿ, ಎಆರ್‌ಪಿ ಉತ್ತರಗಳನ್ನು ಲಿನಕ್ಸ್ ಬರೆದಿಡುವ ನೈಬರ್ ಟೇಬಲ್ ಓದಿ.

ಮೊದಲು ಆ ಟೇಬಲ್ ಖಾಲಿ ಮಾಡಿ (ರೂಟ್, ಅಂದರೆ ಅಡ್ಮಿನ್ ಅನುಮತಿ ಬೇಕು). ಥ್ರೆಡ್‌ಪೂಲ್‌ನಲ್ಲಿ (ಪೈಥಾನ್‌ನಲ್ಲಿ ಹಲವು ಕೆಲಸ ಒಟ್ಟಿಗೆ ನಡೆಸುವ ವಿಧಾನ) 50 ಪಿಂಗ್ ಒಟ್ಟಿಗೆ ಬಿಡಿ. 254 ವಿಳಾಸ ಸುಮಾರು 6 ಸೆಕೆಂಡಿನಲ್ಲಿ ಮುಗಿಯುತ್ತದೆ. ಇನ್ನು 4 ಸೆಕೆಂಡ್ ಕಾದು ಟೇಬಲ್ ಓದಿ. 'ರೀಚಬಲ್' (ಈಗಷ್ಟೇ ಉತ್ತರಿಸಿದೆ) ಇದ್ದದ್ದು ಮಾತ್ರ ಲೆಕ್ಕಕ್ಕೆ. ಉತ್ತರ ಬಾರದ 'ಫೇಲ್ಡ್', 'ಇನ್‌ಕಂಪ್ಲೀಟ್' ಬೇಡ. ಇದಕ್ಕಿಂತ ತಡಮಾಡಬೇಡಿ: ರೀಚಬಲ್ ಸ್ಥಿತಿ 15ರಿಂದ 45 ಸೆಕೆಂಡ್ ಮಾತ್ರ ನಿಲ್ಲುತ್ತದೆ, ಆಮೇಲೆ 'ಸ್ಟೇಲ್' (ಹಳೆಯದು) ಆಗುತ್ತದೆ. ಖಾಲಿ ಮಾಡದೆ ಓದಿದರೆ ಬೆಳಿಗ್ಗೆ ಹೊರಟುಹೋದ ಫೋನೂ ಸ್ಟೇಲ್ ಎಂದು ಅಲ್ಲೇ ಕೂತಿರುತ್ತದೆ.

ಸ್ಕೇಪಿ ಎಂಬ ಪೈಥಾನ್ ಲೈಬ್ರರಿ ಬಳಸಿದರೆ ಇನ್ನೂ ನೇರ: ಬ್ರಾಡ್‌ಕಾಸ್ಟ್ (ಎಲ್ಲ ಸಾಧನಕ್ಕೂ ಕೇಳಿಸುವ) ಎಆರ್‌ಪಿ, 2 ಸೆಕೆಂಡ್ ಟೈಮ್‌ಔಟ್. ಅದಕ್ಕೂ ರೂಟ್ ಬೇಕು. ಯಾವ ಸಂಪರ್ಕದಿಂದ ಕೇಳಬೇಕು ಎಂಬ ಇಂಟರ್‌ಫೇಸ್ ಹೆಸರು ನೀವೇ ಬರೆಯಿರಿ. ಪೈಯಲ್ಲಿ ಕೇಬಲ್, ವೈಫೈ ಎರಡೂ ಹಚ್ಚಿದ್ದರೆ, ಇಲ್ಲವೇ ತನ್ನದೇ ಒಳ ನೆಟ್‌ವರ್ಕ್ ಮಾಡುವ ಡಾಕರ್ ಸಾಫ್ಟ್‌ವೇರ್ ಇದ್ದರೆ, ಸ್ಕ್ರಿಪ್ಟ್ ತಪ್ಪು ನೆಟ್‌ವರ್ಕ್ ಹುಡುಕಿ ಬರಬಹುದು.

ಮಡಗಾಂವ್_ಕೇಬಲ್

ಫೋನಿನ ವಿಷಯ ಬೇರೆ ಮಾರಾಯ್ರೆ. ಸ್ಕ್ರೀನ್ ಆರಿದ ಮೇಲೆ ಬ್ಯಾಟರಿ ಉಳಿಸಲು ವೈಫೈ ನಿದ್ದೆಗೆ ಹೋಗುತ್ತದೆ, ಒಂದೆರಡು ಬ್ರಾಡ್‌ಕಾಸ್ಟ್ ತಪ್ಪಿಹೋಗುತ್ತದೆ. 5 ಸೆಕೆಂಡ್ ಬಿಟ್ಟು ಬಿಟ್ಟು 3 ಸಲ ಕೇಳಿ, ಒಮ್ಮೆ ಸಿಕ್ಕರೂ ಉಂಟು ಎನ್ನಿ. ಪ್ರತಿ ಮ್ಯಾಕ್‌ಗೆ 'ಕೊನೆಗೆ ಕಂಡ ಸಮಯ' ಬರೆದಿಡಿ. ಫೋನ್ 10 ನಿಮಿಷ ಕಾಣದಿದ್ದರೆ ಮಾತ್ರ ಇಲ್ಲ ಎಂದು ತೀರ್ಮಾನಿಸಿ.

ಒಂದೇ ಫೋನ್ ಎರಡಾಗುವುದು ಯಾದೃಚ್ಛಿಕ ಮ್ಯಾಕ್‌ನಿಂದ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಪ್ರತಿ ವೈಫೈ ಹೆಸರಿಗೂ ಫೋನ್ ಬೇರೆ ಮ್ಯಾಕ್ ಹಾಕಿಕೊಳ್ಳುತ್ತದೆ. ನಿಮ್ಮಲ್ಲಿ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರು ಇದೆಯಾ ನೋಡಿ. ಇದ್ದರೆ ಅದೇ ಕಾರಣ ಇರಬೇಕು. ಮ್ಯಾಕ್‌ನ ಎರಡನೇ ಅಂಕೆ 2, 6, ಎ ಅಥವಾ ಇ ಆಗಿದ್ದರೆ ಅದು ಕಂಪನಿಯಿಂದ ಬಂದ ವಿಳಾಸ ಅಲ್ಲ, ತಯಾರಕರ ಹೆಸರು ಹುಡುಕಿ ಫಲವಿಲ್ಲ. ಆರು ಫೋನಿನಲ್ಲೂ ಹೋಟೆಲಿನ ವೈಫೈಗೆ ಮಾತ್ರ ನಿಜ ಮ್ಯಾಕ್ ಬಳಸುವ ಸೆಟ್ಟಿಂಗ್ ಹಾಕಿ.

ಗಿರಾಕಿಗಳ ಗೆಸ್ಟ್ ವೈಫೈ ಇದ್ದರೆ ಅದರಲ್ಲಿರುವ ಫೋನ್ ಪೈಗೆ ಕಾಣಬಾರದು. ಕಂಡರೆ ಐಸೋಲೇಷನ್ (ಗೆಸ್ಟ್ ವೈಫೈ ಬೇರ್ಪಡಿಸುವುದು) ಆಗಿಲ್ಲ ಎಂದರ್ಥ, ಅದನ್ನು ಇವತ್ತೇ ಸರಿಮಾಡಿ.

ಮಾಟುಂಗಾ_ಬಿಲ್ಲಿಂಗ್

ವೈಫೈ ಹೆಸರು ಎರಡು ಹೌದು. ಟೇಬಲ್ ಖಾಲಿ ಮಾಡಿ ಓದಿದ ಮೇಲೆ ಬಿಲ್ಲಿಂಗ್ ಕಂಪ್ಯೂಟರ್ ಎರಡೂ ಬಂದವು, ಸುತ್ತಿಗೆ 11 ಸೆಕೆಂಡ್. ಪ್ರಿಂಟರ್‌ಗೆ ಇಷ್ಟು ಸಾಕಾ?

ಕೋಥ್ರೂಡ್_ಪ್ಯಾಕೆಟ್

ಸಾಲದು. ಪೇಪರ್ ಮುಗಿದ ಪ್ರಿಂಟರ್ ಕೂಡ ಎಆರ್‌ಪಿಗೆ ಉತ್ತರ ಕೊಡುತ್ತದೆ. ಮೊದಲು ಮೂರಕ್ಕೂ ರೂಟರಿನಲ್ಲಿ ಐಪಿ ಬದಲಾಗದಂತೆ ಕಾಯ್ದಿರಿಸಿ. ಆಮೇಲೆ 30 ಸೆಕೆಂಡಿಗೊಮ್ಮೆ, ಪ್ರಿಂಟ್ ತೆಗೆದುಕೊಳ್ಳುವ ಟಿಸಿಪಿ ಪೋರ್ಟ್ 9100ಕ್ಕೆ ಕನೆಕ್ಟ್ ಆಗಿ. ಈಎಸ್‌ಸಿ-ಪಿಒಎಸ್ (ಬಿಲ್ ಪ್ರಿಂಟರಿನ ಆದೇಶ ಭಾಷೆ) ಒಪ್ಪುವ ಪ್ರಿಂಟರ್ ಆದರೆ 16, 4, 4 ಎಂಬ ಮೂರು ಬೈಟ್ ಕಳಿಸಿ. ಒಂದು ಬೈಟ್ ವಾಪಸ್ ಬರುತ್ತದೆ. ಸೊನ್ನೆಯಿಂದ ಎಣಿಸಿ 5 ಮತ್ತು 6ನೇ ಬಿಟ್ 1 ಇದ್ದರೆ ರೋಲ್ ಮುಗಿದಿದೆ. ಬೇರೆ ಏನನ್ನೂ ಕಳಿಸಬೇಡಿ, ಕಳಿಸಿದ್ದು ಅಡುಗೆಮನೆಯಲ್ಲಿ ಚೀಟಿಯಾಗಿ ಬರುತ್ತದೆ.

ಕನೆಕ್ಷನ್ ತಕ್ಷಣ ಮುಚ್ಚಿ. ಬಹಳಷ್ಟು ಥರ್ಮಲ್ ಪ್ರಿಂಟರ್ ಒಮ್ಮೆಗೆ ಒಂದೇ ಕನೆಕ್ಷನ್ ತೆಗೆದುಕೊಳ್ಳುತ್ತವೆ. ಸ್ಕ್ರಿಪ್ಟ್ ಹಿಡಿದುಕೊಂಡು ಕೂತರೆ ಕೆಒಟಿ ಬರುವುದೇ ನಿಲ್ಲುತ್ತದೆ. ಇದೇ ಕಾರಣಕ್ಕೆ, ಬಿಲ್ಲಿಂಗ್ ಕಂಪ್ಯೂಟರ್ ಪ್ರಿಂಟ್ ಕಳಿಸುತ್ತಿರುವಾಗ ನಿಮ್ಮ ಕನೆಕ್ಷನ್ ಒಮ್ಮೆ ಸೋಲಬಹುದು. 5 ಸೆಕೆಂಡ್ ಬಿಟ್ಟು ಮತ್ತೊಮ್ಮೆ ನೋಡಿ, ಎರಡನೆಯದೂ ಸೋತರೆ ಮಾತ್ರ ಗಲ್ಲಾಕ್ಕೆ ಮೆಸೇಜ್ ಹೋಗಲಿ.