ರಾತ್ರಿಯಾದರೆ ಟ್ಯಾಂಕ್ ಲೆವೆಲ್ ರೀಡಿಂಗ್ ಇಳಿಯುತ್ತೆ: ಪ್ರೆಶರ್ ಸೆನ್ಸರ್‌ಗೆ ಟೆಂಪರೇಚರ್ ಕರೆಕ್ಷನ್ ಹೇಗೆ?

ಬಿಸಿಲೂರು (ಪ್ರಶ್ನೆ)

ರಾಯಚೂರು. ತಾರಸಿ ಮೇಲೆ 1000 ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್. ಸೆನ್ಸರ್ ಎಂಪಿಎಕ್ಸ್5010ಡಿಪಿ (ಪಿ1, ಪಿ2 ಎಂಬ ಎರಡು ಮೂತಿಗಳ ನಡುವಿನ ಒತ್ತಡದ ವ್ಯತ್ಯಾಸ ಅಳೆಯುವ ಡಿಫರೆನ್ಷಿಯಲ್ ಸೆನ್ಸರ್). 4 ಮಿ.ಮೀ. ಒಳವ್ಯಾಸದ ಸಿಲಿಕೋನ್ ಟ್ಯೂಬ್ ಒಟ್ಟು 3 ಮೀಟರ್, ಒಂದು ತುದಿ ಟ್ಯಾಂಕಿನ ತಳಕ್ಕೆ ಇಳಿಬಿಟ್ಟಿದೆ, ಇನ್ನೊಂದು ಸೆನ್ಸರಿನ ಪಿ1 ಮೂತಿಗೆ. ಸುಮಾರು 2 ಮೀಟರ್ ಟ್ಯೂಬ್ ಹೊರಗೆ ಬಿಸಿಲಲ್ಲಿದೆ. ಸೆನ್ಸರ್ ಮತ್ತು ಇಎಸ್‌ಪಿ32 (ಮೈಕ್ರೋಕಂಟ್ರೋಲರ್ ಬೋರ್ಡ್) ಮುಚ್ಚಿದ ವಾಟರ್‌ಪ್ರೂಫ್ ಡಬ್ಬಿಯೊಳಗಿವೆ, ಪಿ2 ಅದರೊಳಗೇ ತೆರೆದಿದೆ. ಸಪ್ಲೈ 5 ವೋಲ್ಟಿನ ಮೊಬೈಲ್ ಚಾರ್ಜರ್, ಔಟ್‌ಪುಟ್ 10ಕೆ-20ಕೆ ಡಿವೈಡರ್ (ವೋಲ್ಟೇಜ್ ತಗ್ಗಿಸುವ ರೆಸಿಸ್ಟರ್ ಜೋಡಿ) ಮೂಲಕ ಇಎಸ್‌ಪಿ32 ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ).

ವಾಲ್ವ್ ಮುಚ್ಚಿ, ನೀರು ಮುಟ್ಟದೇ ಇದ್ದರೂ ಮಧ್ಯಾಹ್ನ 3ಕ್ಕೆ 800 ಮಿ.ಮೀ. (ಅಳತೆ ಕೋಲಿಗೂ ಅಷ್ಟೇ), ಬೆಳಗಿನ ಜಾವ 5ಕ್ಕೆ 690. ಹತ್ತಿರ ಹತ್ತಿರ ನೂರು ಲೀಟರ್ ವ್ಯತ್ಯಾಸ. ಮೋಡ ಬಂದು ಹೋದಾಗ ಕೆಲವೇ ನಿಮಿಷದಲ್ಲಿ 20-30 ಮಿ.ಮೀ. ಏರಿಳಿಯುತ್ತೆ. ಡಬ್ಬಿಯೊಳಗಿನ ಡಿಎಸ್18ಬಿ20 ಉಷ್ಣತಾ ಸೆನ್ಸರ್ ಪ್ರಕಾರ ಹಗಲು 48, ರಾತ್ರಿ 24 ಡಿಗ್ರಿ. ಇದಕ್ಕೆ ವರ್ಗ ಸಮೀಕರಣ ಹೊಂದಿಸಿದೆ. ಒಂದು ದಿನ ಸರಿ ಬಂದದ್ದು ಮರುದಿನ ತಪ್ಪುತ್ತೆ. ಸೆನ್ಸರ್ ಬದಲಿಸಬೇಕಾ?

ನೀರ್ಗಂಟಿ

ಸೆನ್ಸರ್ ಬದಲಿಸಬೇಡಿ. ಡೇಟಾಶೀಟ್ ಪ್ರಕಾರ 0ಯಿಂದ 85 ಡಿಗ್ರಿವರೆಗೆ ಎಲ್ಲ ದೋಷ ಸೇರಿಸಿ ±5%, ಅಂದರೆ 0.5 ಕಿಲೋಪಾಸ್ಕಲ್, ನೀರಿನ ಲೆಕ್ಕದಲ್ಲಿ 51 ಮಿ.ಮೀ. ಅದೂ ಕೆಟ್ಟ ಪಕ್ಷದ ಲೆಕ್ಕ, ಮೂಲ ಆಫ್‌ಸೆಟ್ಟೂ (ಒತ್ತಡವಿಲ್ಲದಾಗಿನ ದೋಷ) ಅದರಲ್ಲೇ ಇದೆ. 110 ಮಿ.ಮೀ. ಅಲೆದಾಟ ಸೆನ್ಸರಿನದಾಗಿರಲು ಸಾಧ್ಯವೇ ಇಲ್ಲ. ಅಲೆದಾಡುತ್ತಿರುವುದು ಟ್ಯೂಬಿನಲ್ಲಿ ಸಿಕ್ಕಿಕೊಂಡ ಗಾಳಿ.

ಲೆಕ್ಕ ಹಾಕಿ. ಬಿಸಿಲಲ್ಲಿರುವ 2 ಮೀಟರಿನಲ್ಲಿ 25 ಮಿ.ಲೀ. ಗಾಳಿ. 48ರಿಂದ 24 ಡಿಗ್ರಿಗೆ ಇಳಿದರೆ ಕೆಲ್ವಿನ್ ಲೆಕ್ಕದಲ್ಲಿ 321ಕ್ಕೆ 24, ಅಂದರೆ 7.5% ಕುಗ್ಗುತ್ತೆ, 1.9 ಮಿ.ಲೀ. ಆ ಜಾಗ ತುಂಬಲು ನೀರು ಟ್ಯೂಬಿನೊಳಗೆ ಏರಬೇಕು. 4 ಮಿ.ಮೀ. ಟ್ಯೂಬಿನಲ್ಲಿ 1.9 ಮಿ.ಲೀ. ಅಂದರೆ 150 ಮಿ.ಮೀ. ಎತ್ತರ. ಏರಿದಷ್ಟೂ ಒತ್ತಡ ತಗ್ಗಿ ಗಾಳಿ ಸ್ವಲ್ಪ ಹಿಗ್ಗುವುದರಿಂದ ಸುಮಾರು 120ಕ್ಕೆ ನಿಲ್ಲುತ್ತೆ. ಸೆನ್ಸರ್ ಅಳೆಯುವುದು ಟ್ಯೂಬಿನ ಒಳಗಿನ ನೀರಿನ ಮೇಲ್ಮೈಯಿಂದ ಮೇಲಿನ ಆಳವನ್ನು, ತಳದಿಂದ ಅಲ್ಲ. ನಿಮ್ಮ 110 ಇಲ್ಲಿಂದಲೇ ಬಂದದ್ದು. ಬಿಸಿಲೇರಿದಾಗ ಗಾಳಿ ಹಿಗ್ಗಿ ನೀರನ್ನು ಮತ್ತೆ ಹೊರದೂಡುತ್ತೆ, ಅದಕ್ಕೇ ಮಧ್ಯಾಹ್ನದ ರೀಡಿಂಗ್ ಕೋಲಿಗೆ ಹೊಂದುತ್ತೆ. ಗಾಳಿ ಎಷ್ಟು ಉಳಿದಿದೆ ಅನ್ನುವುದು ದಿನ ದಿನಕ್ಕೂ ಬೇರೆ, ಹಾಗಾಗಿ ಯಾವ ಸಮೀಕರಣವೂ ನಿಲ್ಲದು.

ಪರಿಹಾರ ಟ್ಯೂಬಿನ ತುದಿಗೆ ಅಗಲವಾದ ಗಾಳಿ ಗಂಟೆ. 63 ಮಿ.ಮೀ. ಪಿವಿಸಿ ಪೈಪಿನ 10 ಸೆಂ.ಮೀ. ತುಂಡು, ಮೇಲೆ ಎಂಡ್ ಕ್ಯಾಪ್, ಅದರ ನಡುವೆ ತೂತು ಕೊರೆದು ಟ್ಯೂಬ್ ತೂರಿಸಿ ಎಪಾಕ್ಸಿಯಿಂದ ಸೀಲ್ ಮಾಡಿ. ಕೆಳಬಾಯಿ ತೆರೆದಿರಲಿ, ಅಂಚಿಗೆ ಎರಡು ಮೂರು ಕಚ್ಚು ಹಾಕಿ, ತಳದಿಂದ 20 ಮಿ.ಮೀ. ಮೇಲಿರಲಿ. ಅದೇ 1.9 ಮಿ.ಲೀ. ಈಗ 26 ಚದರ ಸೆಂ.ಮೀ. ಮೇಲೆ ಹರಡಿ 1 ಮಿ.ಮೀ.ಗಿಂತ ಕಡಿಮೆ ಆಗುತ್ತೆ. ಗಂಟೆಯೊಳಗಿನ ಗಾಳಿ ನೀರಿನ ಉಷ್ಣತೆಯಲ್ಲೇ ಇರುವುದರಿಂದ ಅದರಿಂದ ಇನ್ನೊಂದೂವರೆ ಮಿ.ಮೀ. ಇದು ಸುಮಾರು 260 ಗ್ರಾಂ ಬಲದಿಂದ ಮೇಲಕ್ಕೆ ತೇಲುತ್ತೆ, ಅರ್ಧ ಕೆ.ಜಿ. ಸ್ಟೇನ್‌ಲೆಸ್ ಭಾರ ಕಟ್ಟಿ. ಕುಡಿಯುವ ನೀರು, ಸೀಸದ ಗುಂಡು ಬೇಡವೇ ಬೇಡ.

ಸಿಲಿಕೋನ್ ಟ್ಯೂಬನ್ನೂ ತೆಗೆಯಿರಿ, ಅದರ ಗೋಡೆಯಿಂದಲೇ ಗಾಳಿ ಸೋರುತ್ತೆ. ನ್ಯೂಮ್ಯಾಟಿಕ್ ಅಂಗಡಿಯಲ್ಲಿ ಸಿಗುವ 6×4 ಪಿಯು ಅಥವಾ ನೈಲಾನ್ ಟ್ಯೂಬ್ ಹಾಕಿ. ಸೆನ್ಸರ್ ಮೂತಿಗೆ ಮಾತ್ರ ಚಿಕ್ಕ ಸಿಲಿಕೋನ್ ತುಂಡು ಸಾಕು. ಗಂಟೆಯ ಗಾಳಿಯೂ ನಿಧಾನಕ್ಕೆ ನೀರಿನಲ್ಲಿ ಕರಗುತ್ತೆ. ಟ್ಯಾಂಕ್ ಗಂಟೆಯ ಬಾಯಿಗಿಂತ ಕೆಳಕ್ಕೆ ಖಾಲಿಯಾದಾಗ ತಾನಾಗಿ ತುಂಬಿಕೊಳ್ಳುತ್ತೆ. ಯಾವತ್ತೂ ಖಾಲಿಯಾಗದ ಟ್ಯಾಂಕಾದರೆ ಟ್ಯೂಬಿಗೆ ಟೀ (ಮೂರು ಬಾಯಿಯ ಜೋಡಣೆ) ಜೋಡಿಸಿ ಅಕ್ವೇರಿಯಂ ಪಂಪಿನಿಂದ ಆಗಾಗ ಗಾಳಿ ಊದಿ, ಪಂಪ್ ನಿಲ್ಲಿಸಿದ ಮೇಲೆ ರೀಡಿಂಗ್ ತೆಗೆಯಿರಿ. ಟೀಗೂ ಪಂಪಿಗೂ ನಡುವೆ ಹಿಂದಕ್ಕೆ ಸೋರದ ಒಳ್ಳೆಯ ನಾನ್-ರಿಟರ್ನ್ ವಾಲ್ವ್ ಇರಲೇಬೇಕು.

ಸೇತುವೆ_350

ಮೋಡದ ಏರಿಳಿತಕ್ಕೆ ಡಬ್ಬಿಯೂ ಕಾರಣ. ಪಿ2 ಹೊರಗಿನ ಗಾಳಿಯನ್ನು ನೋಡಬೇಕು, ನಿಮ್ಮದು ಡಬ್ಬಿಯ ಗಾಳಿಯನ್ನು ನೋಡುತ್ತಿದೆ. ಡಬ್ಬಿ ಪೂರ್ತಿ ಗಾಳಿಬಿಗಿಯಾಗಿದ್ದರೆ 20 ಡಿಗ್ರಿ ಏರಿಕೆಗೆ ಒಳಗಿನ ಒತ್ತಡ 6.7 ಕಿಲೋಪಾಸ್ಕಲ್ ಏರುತ್ತೆ, ಸುಮಾರು 680 ಮಿ.ಮೀ. ನೀರು! ನಿಮ್ಮದು ಕೇಬಲ್ ತೂತಿನಿಂದ ಸೋರುತ್ತಿರಬೇಕು, ಅದಕ್ಕೇ ದಿಢೀರ್ ಬಿಸಿಗೆ ಮಾತ್ರ ಕುಣಿಯುತ್ತೆ. ದಿಕ್ಕು ನೋಡಿದರೆ ಗೊತ್ತಾಗುತ್ತೆ: ಡಬ್ಬಿ ಕಾದರೆ ರೀಡಿಂಗ್ ಇಳಿಯುತ್ತೆ, ಟ್ಯೂಬ್ ಕಾದರೆ ಏರುತ್ತೆ. ಪಿ2ಗೆ ಒಂದು ಟ್ಯೂಬ್ ಸಿಕ್ಕಿಸಿ ಡಬ್ಬಿಯ ಕೆಳಭಾಗದಿಂದ ಹೊರಗೆ ತನ್ನಿ, ಬಾಯಿ ಕೆಳಮುಖ, ಹುಳ ಗೂಡು ಕಟ್ಟದಂತೆ ಸಣ್ಣ ಸ್ಪಂಜು. ಡಬ್ಬಿಯನ್ನು ಟ್ಯಾಂಕಿನ ಉತ್ತರದ ನೆರಳಿಗೆ ಸರಿಸಿ.

ಸಪ್ಲೈ ಕಡೆಗೂ ಗಮನ ಕೊಡಿ. ಈ ಸೆನ್ಸರ್ ರೇಷಿಯೋಮೆಟ್ರಿಕ್, ಅಂದರೆ ಔಟ್‌ಪುಟ್ ಸಪ್ಲೈಗೆ ಅನುಪಾತದಲ್ಲಿರುತ್ತೆ: ಔಟ್‌ಪುಟ್ = ಸಪ್ಲೈ × (0.09 × ಕಿಲೋಪಾಸ್ಕಲ್ + 0.04). ಚಾರ್ಜರ್ ಕಾದು 5.00ರಿಂದ 4.90ಕ್ಕೆ ಇಳಿದರೆ 800 ಮಿ.ಮೀ. ಹತ್ತಿರ 17 ಮಿ.ಮೀ. ತಪ್ಪು. ಇಎಸ್‌ಪಿ32ರ ಒಳಗಿನ ಎಡಿಸಿ ಬಿಟ್ಟು ಎಡಿಎಸ್1115 (ಪ್ರತ್ಯೇಕ ಎಡಿಸಿ ಚಿಪ್) ಹಾಕಿ, 5 ವೋಲ್ಟಿನಲ್ಲಿ ಓಡಿಸಿ, ±6.144 ರೇಂಜ್. ಒಂದು ಚಾನೆಲ್‌ಗೆ ಸೆನ್ಸರ್ ಔಟ್‌ಪುಟ್, ಇನ್ನೊಂದಕ್ಕೆ ಸೆನ್ಸರಿನ ಸಪ್ಲೈ ಪಿನ್. ಎರಡರ ಭಾಗಲಬ್ಧ ಬಳಸಿದರೆ ಚಾರ್ಜರ್ ದೋಷವೂ ಎಡಿಸಿಯ ರೆಫರೆನ್ಸ್ ದೋಷವೂ ಒಟ್ಟಿಗೆ ಹೋಗುತ್ತವೆ. ಡಿವೈಡರೂ ಬೇಕಿಲ್ಲ. ಎಡಿಎಸ್1115ರಿಂದ ಇಎಸ್‌ಪಿ32ಗೆ ಹೋಗುವ ಐ2ಸಿ ತಂತಿಗಳಿಗೆ ಲೆವೆಲ್ ಶಿಫ್ಟರ್ (ವೋಲ್ಟೇಜ್ ಹೊಂದಿಸುವ ಬಿಡಿಭಾಗ) ಮರೆಯಬೇಡಿ, ಇಎಸ್‌ಪಿ32 ಪಿನ್ನುಗಳು 5 ವೋಲ್ಟ್ ತಡೆಯಲ್ಲ.

ಹೊಸಬ_ಎಲೆಕ್ಟ್ರಾನಿಕ್ಸ್

ಟ್ಯೂಬಿನ ಗೋಜೇ ಬೇಡ, ವಾಟರ್‌ಪ್ರೂಫ್ ಅಬ್ಸಲ್ಯೂಟ್ (ವಾಯುಭಾರವನ್ನೂ ಸೇರಿಸಿ ಅಳೆಯುವ) ಸೆನ್ಸರನ್ನೇ ನೀರಿಗೆ ಇಳಿಸಿದರೆ ಆಗಲ್ವಾ ಸರ್?

ಸೇತುವೆ_350

ಆಗುತ್ತೆ, ಆದರೆ ಹೊರಗೊಂದು ಬ್ಯಾರೋಮೀಟರ್ ಕೂಡ ಬೇಕು. ನಮ್ಮ ಕಡೆ ವಾಯುಭಾರ ದಿನಕ್ಕೆ ಎರಡು ಸಲ, ಬೆಳಿಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ, ಏರಿ ಇಳಿಯುತ್ತೆ. 3 ಹೆಕ್ಟೋಪಾಸ್ಕಲ್ ಅಂದರೆ 3 ಸೆಂ.ಮೀ. ನೀರು. ಎರಡು ಸೆನ್ಸರ್ ಕಳೆದರೆ ಎರಡರ ಉಷ್ಣದೋಷವೂ ಕೂಡಿಕೊಳ್ಳುತ್ತೆ. 1 ಮೀಟರ್ ಟ್ಯಾಂಕಿಗೆ ಡಿಫರೆನ್ಷಿಯಲ್ಲೇ ವಾಸಿ.

ಬಿಸಿಲೂರು

ಎಡಿಎಸ್1115 ಹಾಕಿ, ಎರಡೂ ಮೂತಿ ಬಿಚ್ಚಿಟ್ಟು ಒಂದು ಹಗಲು ರಾತ್ರಿ ಲಾಗ್ ಮಾಡಿದೆ. 24ರಿಂದ 48 ಡಿಗ್ರಿಗೆ ಜೀರೋ ಬದಲಾದದ್ದು 6 ಮಿಲಿವೋಲ್ಟ್, ಒಂದೂವರೆ ಮಿ.ಮೀ. ಕೂಡ ಇಲ್ಲ. ಸೆನ್ಸರ್ ನಿರ್ದೋಷಿ. ಗಂಟೆ ಮಾಡಿ ಇಳಿಸುತ್ತೇನೆ. ಉಳಿದ ಚಿಕ್ಕ ದೋಷಕ್ಕೆ ಕರೆಕ್ಷನ್ ಬೇಕಾ?

ನೀರ್ಗಂಟಿ

ಮನೆ ಟ್ಯಾಂಕಿಗೆ ಬೇಡ. ಬೇಕೇ ಅಂದರೆ ಜೀರೋ ಮತ್ತು ಸ್ಪ್ಯಾನ್ (ಒತ್ತಡಕ್ಕೆ ತಕ್ಕಂತೆ ಔಟ್‌ಪುಟ್ ಏರುವ ಇಳಿಜಾರು) ಎರಡನ್ನೂ ಬೇರೆ ಬೇರೆ ತಿದ್ದಿ, ಜೀರೋ ಮಾತ್ರ ತಿದ್ದಿದರೆ ಟ್ಯಾಂಕ್ ತುಂಬಿದಾಗ ತಪ್ಪುತ್ತೆ. ಸೆನ್ಸರನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು 20, 35, 50 ಡಿಗ್ರಿಯಲ್ಲಿ ತಲಾ ಮುಕ್ಕಾಲು ಗಂಟೆ ಬಿಡಿ. ಪ್ರತಿ ಉಷ್ಣತೆಯಲ್ಲೂ ಪಾರದರ್ಶಕ ಯು-ಟ್ಯೂಬಿನಿಂದ 0, 500, 900 ಮಿ.ಮೀ. ಒತ್ತಡ ಕೊಟ್ಟು ಬರೆದುಕೊಳ್ಳಿ. ಯು-ಟ್ಯೂಬ್ ಪೆಟ್ಟಿಗೆಯ ಹೊರಗೇ ಇರಲಿ. ಪ್ರತಿ ಉಷ್ಣತೆಗೂ ಒಂದು ಸರಳರೇಖೆ, ಅದರ ಜೀರೋ ಒಂದು ಪಟ್ಟಿ, ಇಳಿಜಾರು ಇನ್ನೊಂದು. ನಡುವಿನ ಉಷ್ಣತೆಗೆ ಇಂಟರ್‌ಪೊಲೇಟ್ ಮಾಡಿ. ಡಿಎಸ್18ಬಿ20 ಸೆನ್ಸರ್ ಮೈಗೇ ಅಂಟಿರಬೇಕು, ಡಬ್ಬಿಯ ಗಾಳಿಯಲ್ಲಿ ನೇತಾಡಿದರೆ ಪ್ರಯೋಜನವಿಲ್ಲ. ಬಿಸಿ ಮಾಡುವಾಗ ಮತ್ತು ತಣಿಯುವಾಗ ಎರಡೂ ಸಲ ಅಳೆದು ನೋಡಿ. ಎರಡರ ನಡುವೆ ಅಂತರ ಬಂದರೆ ಅದು ಹಿಸ್ಟರಿಸಿಸ್, ಸಮೀಕರಣಕ್ಕೆ ಸಿಗಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನೀರು 20ರಿಂದ 40 ಡಿಗ್ರಿಗೆ ಕಾದರೆ ಸಾಂದ್ರತೆ 0.6% ಇಳಿದು, 1 ಮೀಟರಿಗೆ 6 ಮಿ.ಮೀ. ಕಡಿಮೆ ತೋರಿಸುತ್ತೆ. ಅದನ್ನು ತಿದ್ದಲು ನೀರಿನ ಉಷ್ಣತೆ ಬೇಕು, ಡಬ್ಬಿಯದ್ದಲ್ಲ.