ಪಿಎಸ್5 ಮಾರಾಟಕ್ಕಿದೆ, ಕಾರಣ ಕೇಳಬೇಡಿ

ನಮ್ಮದು 2006ರಲ್ಲಿ ಇಂಜಿನಿಯರಿಂಗ್ ಮುಗಿಸಿದವರ ವಾಟ್ಸಾಪ್ ಗುಂಪು. 63 ಜನ ಇದ್ದೇವೆ. ಮಾತಾಡುವವರು ಏಳೆಂಟು ಮಂದಿ, ಉಳಿದವರು ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿ ಮಾಯವಾಗುತ್ತಾರೆ. ಅಡ್ಮಿನ್ ಆದ ತಪ್ಪಿಗೆ ಎಲ್ಲವನ್ನೂ ನಾನು ಓದಬೇಕು. ಕಳೆದ ಶನಿವಾರ ರಘು ತನ್ನ ಪಿಎಸ್5 (ಟಿವಿಗೆ ಹಚ್ಚಿ ವಿಡಿಯೊ ಗೇಮ್ ಆಡುವ ಸೋನಿ ಯಂತ್ರ) ಮಾರಲು ಹೊರಟಾಗ ನಡೆದದ್ದನ್ನು ಒಪ್ಪಿಗೆ ಕೇಳಿ, ಹೆಸರು ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ. ಶುಭೋದಯದ ಗುಲಾಬಿಗಳನ್ನೂ ಸರ್ಜಾಪುರದ ಒಂದು ಸೈಟಿನ ಜಾಹೀರಾತನ್ನೂ ತೆಗೆದಿದ್ದೇನೆ.

9:12 ರಘು: (ಫೋಟೊ)

9:12 ರಘು: ಪಿಎಸ್5 ಮಾರಾಟಕ್ಕಿದೆ. ಡಿಸ್ಕ್ ಎಡಿಷನ್, 2021ರದ್ದು, ಆಗ 49,990 ಕೊಟ್ಟಿದ್ದೆ. ಎರಡು ಕಂಟ್ರೋಲರ್, ಒಂದರ ಎಡಗಡೆ ಸ್ಟಿಕ್ ಮುಟ್ಟದೇ ಇದ್ರೂ ಮೇಲಕ್ಕೆ ಹೋಗುತ್ತೆ. 11 ಡಿಸ್ಕ್. ಎಲ್ಲ ಸೇರಿ 28,000. ಜೆ.ಪಿ. ನಗರಕ್ಕೆ ಬಂದು ತಗೊಂಡು ಹೋಗ್ಬೇಕು. ಮೊದಲು ಬ್ಯಾಚ್‌ನವರಿಗೆ, ಸೋಮವಾರ ಓಎಲ್‌ಎಕ್ಸ್‌ಗೆ ಹಾಕ್ತೀನಿ. ಕಾರಣ ಕೇಳಬೇಡಿ.

9:14 ಮಂಜ: ಕಾರಣ ಏನು?

9:14 ಅನ್ವರ್: ಲಾಸ್ಟ್ ಎಷ್ಟು?

9:15 ಬಸು: ಮನಿಯವರ ಆರ್ಡರ್ ಏನ್ಲೇ?

9:17 ರಘು: ಅವಳಿಗೆ ಇನ್ನೂ ಹೇಳೇ ಇಲ್ಲ. ಗೊತ್ತಾದ್ರೆ ಮಾರ್ಬೇಡ ಅಂತಾಳೆ. ಆಡ್ತಾ ಕೂತಿದ್ರೆ ಎಲ್ಲಿದೀನಿ ಅಂತಾದ್ರೂ ಗೊತ್ತಿರುತ್ತಂತೆ.

9:18 ಮಂಜ: ಮತ್ಯಾಕೋ? ಸ್ಟಾಕ್ ಬಂದ ನಿಮಿಷಕ್ಕೆ ಖಾಲಿ ಆಗ್ತಿದ್ದಾಗ ಮೀಟಿಂಗ್ ಮ್ಯೂಟ್ ಮಾಡಿ ರಿಫ್ರೆಶ್ ಒತ್ತಿದವನು ನೀನು. ಬುಕ್ ಆದಾಗ ಇದೇ ಗುಂಪಲ್ಲಿ ಮಗು ಹುಟ್ಟಿದಷ್ಟು ಸಂಭ್ರಮದಲ್ಲಿ ಹಾಕಿದ್ದೆ.

9:31 ಪಚ್ಚಿ: ಉತ್ತಮ ನಿರ್ಧಾರ ರಘು. ಗೇಮಿಂಗ್ ಒಂದು ಕಾಯಿಲೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಮ್ಮ ನಿಮ್ಹಾನ್ಸ್‌ನಲ್ಲಿ 2014ರಿಂದ ಇಂಥವರಿಗಾಗಿಯೇ ಶಟ್ ಕ್ಲಿನಿಕ್ ಇದೆ. ಹೋಗಿ ಬಾ, ನಾಚಿಕೆ ಬೇಡ.

(ಪಚ್ಚಿ ಯಾವುದಕ್ಕೂ ಮೊದಲು ಸಂಸ್ಥೆಯ ಹೆಸರು ಹೇಳುತ್ತಾನೆ. ವೈವಾದಲ್ಲೂ ಹೀಗೇ ಪಾಸಾದವನು. ಇಲ್ಲಿ ನಾನು ಬಾಯಿ ಹಾಕಬೇಕಾಯಿತು.)

9:38 ನಾನು: ಅರ್ಧ ಸರಿ ಪಚ್ಚಿ. ಅದನ್ನ ಕಾಯಿಲೆಗಳ ಪಟ್ಟಿಗೆ ಸೇರಿಸೋಕೆ 2019ರಲ್ಲಿ ಒಪ್ಪಿಗೆ ಸಿಕ್ತು, 2022ರ ಜನವರಿಯಿಂದ ಜಾರಿ. ಆದ್ರೆ ಆಡೋರೆಲ್ಲ ರೋಗಿಗಳು ಅಂತ ಅಲ್ಲಿ ಬರೆದಿಲ್ಲ. ಆಟದ ಮೇಲೆ ಹಿಡಿತ ತಪ್ಪಿರ್ಬೇಕು, ಬೇರೆ ಕೆಲಸಕ್ಕಿಂತ ಆಟವೇ ಮುಂದೆ ಬಂದಿರ್ಬೇಕು, ಹಾಳಾಗ್ತಿದೀನಿ ಅಂತ ಕಂಡ್ರೂ ಮುಂದುವರಿಸ್ತಿರ್ಬೇಕು. ಅದೂ ಸಾಮಾನ್ಯವಾಗಿ 12 ತಿಂಗಳಿಂದ. ರಘು, ಹೋದ ತಿಂಗಳು ಎಷ್ಟು ಹೊತ್ತು ಆಡಿದ್ದೆ?

9:40 ರಘು: ಎರಡು ಗಂಟೆ. ಅದರಲ್ಲಿ ಒಂದೂವರೆ ಡೌನ್‌ಲೋಡ್.

9:42 ಪಚ್ಚಿ: ಆದರೂ ಶಿಸ್ತು ಬೇಕು. ಚೀನಾ ನೋಡಿ, 2021ರಿಂದ 18 ವರ್ಷದೊಳಗಿನವರಿಗೆ ಶುಕ್ರ, ಶನಿ, ಭಾನು ಮತ್ತು ರಜಾ ದಿನ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಗೇಮ್.

9:43 ರಘು: ವಾರಕ್ಕೆ ಮೂರು ಗಂಟೆ!! ಯಾರಾದ್ರೂ ನನಗೆ ಆ ಶಿಸ್ತು ಕೊಡ್ರಪ್ಪ.

9:44 ಅನ್ವರ್: ಲಾಸ್ಟ್ ಎಷ್ಟು ಹೇಳೋ.

(ಇಲ್ಲಿಗೆ ನಿಂತುಹೋಗಬೇಕಿತ್ತು. ಆದರೆ ರಘು ಐದು ನಿಮಿಷ ಟೈಪ್ ಮಾಡುತ್ತಲೇ ಇದ್ದ. ಮದುವೆ ಆಮಂತ್ರಣ ಬಿಟ್ಟರೆ ಅವನು ಇಷ್ಟುದ್ದ ಬರೆದದ್ದು ಇದೇ ಮೊದಲು.)

9:51 ರಘು: ಸರಿ, ನಿನ್ನೆ ರಾತ್ರಿ ಆಗಿದ್ದು ಹೇಳ್ತೀನಿ. ಮಗ ಮಲಗಿದಾಗ 10:20. ಆನ್ ಮಾಡಿದೆ. ಸಿಸ್ಟಮ್ ಅಪ್‌ಡೇಟ್. ಅದಾದ್ಮೇಲೆ ವಾರ್‌ಝೋನ್ ಗೇಮ್ ಓಪನ್ ಮಾಡಿದ್ರೆ ಅದರದ್ದು 38 ಜಿಬಿ ಅಪ್‌ಡೇಟ್. ಜಾಗ ಇಲ್ಲ. ಬಾಕ್ಸ್ ಮೇಲೆ 825 ಜಿಬಿ ಅಂತ ಇದೆ, ನಮ್ಮ ಕೈಗೆ ಸಿಗೋದು 667. ಏನು ಡಿಲೀಟ್ ಮಾಡ್ಲಿ ಅಂತ ನೋಡ್ತಾ 11 ಆಯ್ತು. ಸಾಯ್ಲಿ ಅಂತ ರೆಡ್ ಡೆಡ್ 2 ಓಪನ್ ಮಾಡಿದೆ. ನಾಲ್ಕು ತಿಂಗಳ ಹಿಂದೆ ಬಿಟ್ಟ ಜಾಗ. ಕುದುರೆ ಮೇಲೆ ಕೂತಿದೀನಿ, ಮಳೆ ಬರ್ತಿದೆ, ಎಲ್ಲಿಗೆ ಹೊರಟಿದ್ದೆ ಅನ್ನೋದು ನೆನಪಿಲ್ಲ. ಇಳಿಯೋಕೆ ಯಾವ ಬಟನ್ ಅಂತ ಒಂದೊಂದೇ ಒತ್ತಿ ನೋಡಿದೆ. ದಾರೀಲಿ ನಿಂತಿದ್ದ ಯಾರಿಗೋ ಗುಂಡು ಬಿತ್ತು. ಊರಿಗೆ ಊರೇ ಬಂದೂಕು ಹಿಡ್ಕೊಂಡು ಅಟ್ಟಿಸಿಕೊಂಡು ಬಂತು. ಆಫ್ ಮಾಡಿದೆ. ಆಮೇಲೆ ಮಲಗಿಕೊಂಡು ಅದೇ ಗೇಮ್‌ನ ಇನ್ಯಾರೋ ಆಡೋದನ್ನ ಯೂಟ್ಯೂಬ್‌ನಲ್ಲಿ 12:30ರವರೆಗೆ ನೋಡಿದೆ.

9:52 ರಘು: ಅವನು ಚೆನ್ನಾಗಿ ಆಡ್ತಾನೆ.

9:53 ಬಸು: ಕುದುರಿ ಏನಾತಲೇ?

9:53 ರಘು: ಗೊತ್ತಿಲ್ಲ.

9:56 ಮಂಜ: ಗುರೂ, ತಪ್ಪು ಗೇಮ್‌ದಲ್ಲ, ಆರಿಸ್ಕೊಂಡ ನಿಂದು. 42 ವರ್ಷದವನು 60 ಗಂಟೆ ಕಥೆ ತಗೋಬಾರ್ದು. ಅರ್ಧ ಗಂಟೇಲಿ ಮುಗಿಯೋವು ಎಷ್ಟಿಲ್ಲ? ಮತ್ತೆ ಎಲ್ರೂ ಹೀಗೆ ಟೈಮ್‌ಪಾಸ್ ಅಂತ ಮಾತಾಡ್ತೀರಲ್ಲ, ಧ್ರುವ ಇಂಟರಾಕ್ಟಿವ್ ಅನ್ನೋ ಗೇಮ್ ಕಂಪನಿ 1997ರಲ್ಲೇ ನಮ್ಮ ಬೆಂಗಳೂರಲ್ಲಿ ಶುರುವಾಗಿದ್ದು. 2019ರಲ್ಲಿ ಅದನ್ನ ರೆಡ್ ಡೆಡ್ ಮಾಡಿದ ರಾಕ್‌ಸ್ಟಾರ್‌ನವರು ತಗೊಂಡ್ರು. ನೀನು ಬಿಟ್ಟು ಬಂದ ಆ ಕುದುರೆ ಗೇಮ್‌ನಲ್ಲಿ ರಾಕ್‌ಸ್ಟಾರ್‌ನ ಬೆಂಗಳೂರು ಆಫೀಸಿನವರ ಕೆಲಸನೂ ಇದೆ. ಸಿನಿಮಾ ನೋಡೋದು ಬಿಟ್ಟೆ ಅಂತ ಯಾರಾದ್ರೂ ಹೆಮ್ಮೆಯಿಂದ ಹೇಳ್ತಾರಾ?

9:59 ರಘು: ಸಿನಿಮಾ ನಡುವೆ ನಿಲ್ಲಿಸಿದ್ರೆ ಬಟನ್ ಮರೆಯಲ್ಲ ಮಗಾ. ಚಿಕ್ಕದನ್ನೂ ಆಡಿ ನೋಡಿದೆ. ದಿನಾ ಬಂದು ಲಾಗಿನ್ ಆಗು, ಮೂರು ಟಾಸ್ಕ್ ಮುಗಿಸು, ಭಾನುವಾರದೊಳಗೆ ಮುಗಿಸದಿದ್ರೆ ಬಹುಮಾನ ಹೋಗುತ್ತೆ. ಸೀಸನ್ ಪಾಸ್‌ಗೆ ದುಡ್ಡು ಕಟ್ಟಿರ್ತೀವಿ, ಅದಕ್ಕೇ ಆಡ್ಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಆಫೀಸ್ ಕೆಲಸದ ಟಿಕೆಟ್ ಕ್ಲೋಸ್ ಮಾಡಿ, ಸಿಲ್ಕ್ ಬೋರ್ಡ್ ದಾಟಿ ಮನೆಗೆ ಬಂದ್ರೆ ಇಲ್ಲೂ ಟಿಕೆಟ್. ಆಫೀಸಲ್ಲಾದ್ರೂ ಸಂಬಳ ಕೊಡ್ತಾರೆ.

10:02 ರಘು: ಇನ್ನೊಂದು ಕೇಳು. 11 ಡಿಸ್ಕ್ ಅಂದ್ನಲ್ಲ. ಮುಗಿಸಿದ್ದು ಎರಡು. ಮೂರರ ಪ್ಲಾಸ್ಟಿಕ್ ಬಿಚ್ಚಿಲ್ಲ. ಒಂದೊಂದು ನಾಲ್ಕೈದು ಸಾವಿರದ್ದು. ದೀಪಾವಳಿ ಆಫರ್ ಬಂದಾಗ ಕೊಳ್ತೀನಿ, ಕೊಂಡಾಗ ಖುಷಿ ಆಗುತ್ತೆ, ಶೆಲ್ಫಲ್ಲಿ ಇಡ್ತೀನಿ. ನಮ್ಮಮ್ಮ ರೇಷ್ಮೆ ಸೀರೆ ಬೀರುಲಿ ಇಟ್ಟಂಗೆ. ಅಮ್ಮ ವರ್ಷಕ್ಕೊಂದ್ಸಲ ಬಿಸಿಲಿಗಾದ್ರೂ ಹಾಕ್ತಾಳೆ.

10:05 ಬಸು: ನಾ ಆಗಿ ಬಿಟ್ಟಿಲ್ಲ, ನನ್ನ ಸರ್ಕಾರನ ಬಿಡಿಸ್ತು. 2020ರ ಸೆಪ್ಟೆಂಬರ್ 2, ಪಬ್‌ಜಿ ಸೇರಿ 118 ಆ್ಯಪ್ ಬಂದ್. ಫೋನಿನ್ಯಾಗ ಇದ್ದದ್ದು ಅಕ್ಟೋಬರ್ 30ರ ತನಕ ನಡೀತು. ನಾನು, ಮಂಜ, ನಮ್ಮ ಅಳಿಯ, ಮತ್ತ ಗದಗಿನಾಂವ ಒಬ್ಬ, ಅವನ ಮಾರಿನೂ ನಾ ನೋಡಿಲ್ಲ. ಲಾಕ್‌ಡೌನ್ ತುಂಬಾ ದಿನಾ ರಾತ್ರಿ 11ಕ್ಕ ಕೂಡ್ತಿದ್ವಿ. ಮುಂದಿನ ವರ್ಷ ಅದು ಬಿಜಿಎಂಐ ಅಂತ ಹೊಸ ಹೆಸರಿಟ್ಕೊಂಡು ಬಂತು. ನಾ ಹಾಕ್ಕೊಂಡು ಕಾದೆ. ಯಾರೂ ಬರಲಿಲ್ಲ. ಗದಗಿನಾಂವನ ನಂಬರೂ ತಗೊಂಡಿರಲಿಲ್ಲ.

10:06 ಬಸು: ಆಟ ಬಿಟ್ರ ಟೈಮ್ ಉಳಿತೈತಿ ಅಂತ ತಿಳ್ಕೊಂಡಿದ್ದೆ. ಉಳಿದದ್ದೆಲ್ಲಾ ರೀಲ್ಸ್ ತಿಂತು. ಪಬ್‌ಜಿಯೊಳಗ ನಾಕು ಮಂದಿ ಜೋಡಿ ಮಾತಾಡ್ತಿದ್ದೆ, ಈಗ ಒಬ್ಬನ ಹೆಬ್ಬಟ್ಟು ತಿಕ್ಕೋತ ಕೂಡ್ತೀನಿ. ರಘು, ಮಾರೂ ಮುಂದ ಇದನ್ನಟು ವಿಚಾರ ಮಾಡು.

10:11 ಪಚ್ಚಿ: ಎಲ್ಲರೂ ಒಂದು ಮುಖ್ಯ ವಿಷಯ ಮರೆಯುತ್ತಿದ್ದೀರಿ. ನಮ್ಮ ದೊಡ್ಡಮ್ಮನ ಮಗ ರಮ್ಮಿಯಲ್ಲಿ ಎರಡು ಲಕ್ಷ ಕಳೆದುಕೊಂಡ. ಇದಕ್ಕೇ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಗೇಮಿಂಗ್ ಬ್ಯಾನ್ ಮಾಡಿದ್ದು.

10:13 ಅನ್ವರ್: ಅದು ದುಡ್ಡು ಕಟ್ಟಿ ಆಡೋದಕ್ಕೆ ಪಚ್ಚಿ. ಇ-ಸ್ಪೋರ್ಟ್ಸ್‌ಗೆ, ಅಂದ್ರೆ ಗೇಮ್ ಪಂದ್ಯಾವಳಿಗೆ, ಅದೇ ಕಾನೂನು ಪ್ರೋತ್ಸಾಹ ಕೊಡ್ತೀವಿ ಅನ್ನುತ್ತೆ. ರಘು ಕುದುರೆ ಮೇಲೆ ಕೂತಿದ್ದ, ರೇಸ್‌ಕೋರ್ಸ್‌ನಲ್ಲಿ ಅಲ್ಲ. 25ಕ್ಕೆ ಕೊಡ್ತೀಯಾ?

(ರಮ್ಮಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿ, ಅದನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿದ್ದು, ಇವುಗಳ ಬಗ್ಗೆ 19 ಸಂದೇಶಗಳಿವೆ. ಪಚ್ಚಿಯ ಅಣ್ಣನ ಸಂಕಟ ನಿಜವಾದದ್ದೇ. ಆದರೆ ಅದು ಬೇರೆ ಜಗಳ. ಬಿಟ್ಟಿದ್ದೇನೆ. ನಂತರ ಹಾಸ್ಟೆಲ್ ನೆನಪು ಶುರುವಾಯಿತು: ಕಿಟಕಿಯಿಂದ ಕಿಟಕಿಗೆ ಎಳೆದ ಲ್ಯಾನ್ ಕೇಬಲ್, ಏಜ್ ಆಫ್ ಎಂಪೈರ್ಸ್, ಸೈಬರ್ ಕೆಫೆಯಲ್ಲಿ ರಾತ್ರಿಯಿಡೀ ಕೌಂಟರ್ ಸ್ಟ್ರೈಕ್, ಬೆಳಿಗ್ಗೆ ಅಲ್ಲಿಂದಲೇ ಇಂಟರ್ನಲ್ಸ್‌ಗೆ ಹೋದದ್ದು. ಪ್ರತಿ ಮಳೆಗಾಲಕ್ಕೆ ಒಮ್ಮೆ ಬರುವ ಮಾತುಗಳೇ. ಈ ಸಲ ನಡುವೆ ವಿನುತಾ ಬಂದಳು.)

10:47 ವಿನುತಾ: ಒಂದು ಡೌಟ್. ಆ ಸೈಬರ್ ಕೆಫೆ ಸಂಪತ್ತಿನಲ್ಲಿ ನಮ್ಮ ಬ್ಯಾಚ್‌ನ 17 ಹುಡುಗೀರು ಎಲ್ಲಿದ್ವಿ?

10:48 ಮಂಜ: ನಿಮಗೆ ಇಂಟರೆಸ್ಟ್ ಇರ್ಲಿಲ್ಲ ಅಲ್ವಾ.

10:49 ವಿನುತಾ: ಒಂದು ದಿನ ಬಂದಿದ್ದೆ, ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತಗೊಳ್ಳೋಕೆ. ಹನ್ನೆರಡು ಜನ ಹೆಡ್‌ಫೋನ್ ತೆಗೆದು ತಿರುಗಿ ನೋಡಿದ್ರಿ. ಪ್ರಿಂಟ್ ತಗೊಳ್ದೇ ವಾಪಸ್ ಹೋದೆ. ಇಂಟರೆಸ್ಟ್ ಅಂತೆ.

10:50 ವಿನುತಾ: ನಾನೂ ಬಿಟ್ಟಿದೀನಿ, ಎರಡು ವರ್ಷ ಆಯ್ತು. ಕ್ಯಾಂಡಿ ಕ್ರಷ್, ಎರಡು ಸಾವಿರ ಲೆವೆಲ್ ದಾಟಿದ್ದೆ. ವೈಟ್‌ಫೀಲ್ಡ್‌ನಿಂದ ವಿಜಯನಗರಕ್ಕೆ ಮೆಟ್ರೋಲಿ ದಿನಾ. ನಾನು ಅನ್‌ಇನ್‌ಸ್ಟಾಲ್ ಮಾಡಿದ ದಿನ ಇಲ್ಲಿ ಯಾರೂ ಚರ್ಚೆ ಮಾಡ್ಲಿಲ್ಲ.

10:51 ಮಂಜ: ಕ್ಯಾಂಡಿ ಕ್ರಷ್ ಗೇಮಾ ಅದು

10:51 ಮಂಜ: (ಈ ಸಂದೇಶವನ್ನು ಅಳಿಸಲಾಗಿದೆ)

10:52 ವಿನುತಾ: ಓದಿದೆ ಮಂಜು. ಅಳಿಸಿದ್ದು ಯಾವುದು ಅಂತನೂ ಗೊತ್ತು, ತಪ್ಪಾಗಿ ಎರಡನೇದನ್ನ ಅಳಿಸಿದೀಯ.

10:53 ಬಸು: ಹೋತು ವಿಕೆಟ್.

10:54 ರಘು: ಯಾಕೆ ಬಿಟ್ಟೆ ವಿನು?

10:58 ವಿನುತಾ: ಅದೇ ವಾರ ಮೂರು ಸಲ ವಿಜಯನಗರ ದಾಟಿ ಅತ್ತಿಗುಪ್ಪೆಗೆ ಹೋಗಿ ಇಳಿದೆ. ಅದಕ್ಕಲ್ಲ. ಮೂರನೇ ಸಲ ಅಮ್ಮನ ಫೋನ್ ಬಂತು. ಇನ್ನು ಎರಡು ಮೂವ್ ಇತ್ತು. ಕಟ್ ಮಾಡಿದೆ. ಆಮೇಲೆ ಮಾಡಿ ಕೇಳಿದ್ರೆ ಏನಿಲ್ಲ, ಹುರುಳಿಕಾಳು ಸಾರು ಮಾಡಿದೀನಿ, ಡಬ್ಬಿ ಕಳಿಸ್ಲಾ ಅಂತ. ಅಷ್ಟೇ ವಿಷಯ. ಆದ್ರೆ ಕಟ್ ಮಾಡೋವಾಗ ಬೆರಳು ಒಂದು ಸೆಕೆಂಡೂ ತಡೀಲಿಲ್ಲ. ಆ ಬೆರಳು ನಂದಲ್ಲ ಅನ್ನಿಸ್ತು.

11:03 ಪಚ್ಚಿ: ಇದನ್ನೇ ನಾನು ಮೊದಲಿಂದ ಹೇಳುತ್ತಿರುವುದು.

11:03 ವಿನುತಾ: ನೀನು ಹೇಳ್ತಿರೋದು ಇದಲ್ಲ ಪಚ್ಚಿ. ನಾನು ಡಾಕ್ಟರ್ ಹತ್ರ ಹೋಗ್ಲಿಲ್ಲ, ಹೋಗೋ ಹಾಗೆ ಆಗಿರ್ಲೂ ಇಲ್ಲ. ಹೋಗ್ಬೇಕಾದವರು ಹೋಗ್ಲಿ. ನನಗೆ ಸಾಕಾಯ್ತು, ಬಿಟ್ಟೆ. ಬಿಡೋಕೆ ರೋಗ ಆಗಿರ್ಬೇಕು ಅಂತೇನಿಲ್ಲ.

11:06 ಮಂಜ: ಸಾರಿ ವಿನುತಾ. ಆದ್ರೂ ರಘು, ಒಬ್ಬೊಬ್ಬರೇ ಹೀಗೆ ಬಿಟ್ಟು ಹೋದ್ರೆ ಯಾರ ಜೊತೆ ಆಡೋದು? ನಾವು ಕೂದಲು ಬಿಳಿ ಆದ್ಮೇಲೂ ಆಡ್ತೀವಿ ಅಂತ ಮಾತಾಡಿದ್ವಿ. ನಾನಂತೂ ಬಿಟ್ಟಿಲ್ಲ.

11:09 ರಘು: ಮಂಜ, ನಿನ್ನ ಐಡಿ ನನ್ನ ಫ್ರೆಂಡ್ಸ್ ಲಿಸ್ಟ್‌ನಲ್ಲಿದೆ. ನೀನು ಕೊನೇ ಸಲ ಆನ್‌ಲೈನ್ ಬಂದು 14 ತಿಂಗಳಾಯ್ತು.

(ಇದಾದ ಮೇಲೆ 22 ನಿಮಿಷ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಶನಿವಾರ ಬೆಳಿಗ್ಗೆ ಇದು ದಾಖಲೆ.)

11:31 ಮಂಜ: ಟಿವಿ ಮಗಳ ರೂಮಿಗೆ ಹೋಯ್ತು ಕಣೋ. ಪ್ಯಾಕ್ ಮಾಡಿ ಅಟ್ಟದ ಮೇಲೆ ಇಟ್ಟಿದೀನಿ. ಮಾರಿಲ್ಲ ಅಷ್ಟೇ.

11:32 ರಘು: ಗೊತ್ತಿತ್ತು ಬಿಡು. ಶುಕ್ರವಾರ ಶುಕ್ರವಾರ ಆನ್ ಮಾಡಿ ಮೊದಲು ಆ ಲಿಸ್ಟೇ ನೋಡ್ತಿದ್ದೆ. 31 ಜನ. ಒಂದೂ ಹಸಿರು ಚುಕ್ಕೆ ಇರಲ್ಲ. ಆಮೇಲೆ ಅಪ್‌ಡೇಟ್ ಹಾಕೋದು.

11:34 ಅನ್ವರ್: ಈಗಲಾದ್ರೂ ರೇಟ್ ಹೇಳ್ತೀಯೋ ಇಲ್ವೋ?

11:34 ವಿನುತಾ: ನಿನಗ್ಯಾಕೆ ಅನ್ವರ್ ಇಷ್ಟು ಅವಸರ? ಎಲ್ಲ ಬಿಟ್ಟು ಬ್ಯಾಡ್ಮಿಂಟನ್ ಶುರು ಮಾಡಿದೀನಿ, ಬೆಳಿಗ್ಗೆ 6ಕ್ಕೆ ಕೋರ್ಟ್ ಬುಕ್ ಮಾಡಿದೀನಿ ಅಂತ ಇಲ್ಲೇ ಭಾಷಣ ಮಾಡಿದ್ದೆ.

11:37 ಅನ್ವರ್: (ಫೋಟೊ)

(ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ಪಟ್ಟಿ ಸುತ್ತಿದ ಎಡಗಾಲು, ಪಕ್ಕದಲ್ಲಿ ವಾಕರ್.)

11:38 ಅನ್ವರ್: ಮಂಡಿ ಲಿಗಮೆಂಟ್ ಹರಿದು ಆಪರೇಷನ್ ಆಗಿ ಎರಡು ವಾರ. ಇನ್ನೂ ಒಂದು ತಿಂಗಳು ಮನೇಲೇ. ಅಮ್ಮಿ ಸೀರಿಯಲ್ ನಾನೂ ನೋಡ್ತಿದೀನಿ, ಯಾರ ಮದುವೆ ಯಾರ ಜೊತೆ ನಿಂತು ಹೋಯ್ತು ಅಂತ ಎಲ್ಲ ಗೊತ್ತು. ಪಿಎಸ್4 ಮಾರಿದ ದುಡ್ಡಲ್ಲೇ ರಾಕೆಟ್ ಮತ್ತೆ ಶೂ ತಗೊಂಡಿದ್ದೆ. ಯಾರೂ ನಗ್ಬೇಡಿ.

11:38 ಬಸು: ನಗಾಕತ್ತಿಲ್ಲ.

11:39 ಬಸು: ಸುಳ್ಳು ಹೇಳಿದೆ.

11:41 ರಘು: ಮೊದಲೇ ಹೇಳ್ಬಾರ್ದಿತ್ತೇನೋ? ನಾಳೆ ನಾನೇ ತಂದು ಹಚ್ಚಿ ಕೊಡ್ತೀನಿ. ಒಂದು ತಿಂಗಳು ಇಟ್ಕೋ. ಆಮೇಲೆ ದುಡ್ಡಿನ ಮಾತು.

11:42 ಪಚ್ಚಿ: ಅನ್ವರ್, ಬೇಗ ಗುಣಮುಖರಾಗಿ. ನಿಯಮಿತವಾಗಿ ಫಿಸಿಯೋಥೆರಪಿ ಮಾಡಿಸಿ.

(ಪಚ್ಚಿ ಕಾಳಜಿ ಬಂದಾಗ ಬಹುವಚನಕ್ಕೆ ಹೋಗುತ್ತಾನೆ. ಭಾನುವಾರ ಮಧ್ಯಾಹ್ನ ರಘುವಿನ ಜೊತೆ ಅನ್ವರ್ ಮನೆಗೆ ಹೋದವರಲ್ಲಿ ಅವನೂ ಇದ್ದ, ಮೋಸಂಬಿ ಹಿಡಿದುಕೊಂಡು. ನಾಲ್ಕು ಜನ ಹೋಗಿ ಮೂರು ಗಂಟೆ ಕೂತು ಬಂದರಂತೆ. ಕೇಬಲ್ ಮನೆಯಲ್ಲೇ ಮರೆತು ಹೋಗಿದ್ದರಿಂದ ಆಡಲಿಲ್ಲವಂತೆ. ಸಂಜೆ, ಸಾಮಾನು ತಲುಪಿಸುತ್ತಿದ್ದ ಡನ್ಜೋ ಆ್ಯಪ್‌ನ ಕಾಲ ಮುಗಿಯಿತಲ್ಲ ಎಂದು ಹಲುಬುತ್ತಾ ರಘು ಕೇಬಲನ್ನು ಇನ್ನೊಂದು ಆ್ಯಪ್‌ನಲ್ಲಿ ಕಳಿಸಿದ.)

ಭಾನುವಾರ ರಾತ್ರಿ 10:48 ಅನ್ವರ್: ಆನ್ ಆಯ್ತು. ಫುಟ್‌ಬಾಲ್ ಡಿಸ್ಕ್ ಹಾಕಿದ್ರೆ ಜಾಗ ಸಾಲಲ್ಲ ಅಂತಿದೆ. ರಘು, ಯಾವುದು ಡಿಲೀಟ್ ಮಾಡ್ಲಿ?

10:49 ಮಂಜ: ವಾರ್‌ಝೋನ್ ಕಿತ್ತಾಕು.

10:52 ಅನ್ವರ್: ಕಿತ್ತಾಕಿದೆ. ಇನ್ನೂ ಸಾಲ್ತಿಲ್ಲ. ಕುದುರೆದು ನೂರು ಜಿಬಿ ಮೇಲಿದೆ, ಅದನ್ನ ತೆಗೀಲಾ?

10:52 ರಘು: ಅದು ಬೇಡ.

10:53 ಮಂಜ: ಗೇಮ್ ತೆಗೆದ್ರೂ ಸೇವ್ ಹೋಗಲ್ಲ ಕಣೋ, ಬಿಟ್ಟ ಜಾಗ ಹಾಗೇ ಇರುತ್ತೆ.

10:53 ರಘು: ಗೊತ್ತು. ಬೇಡ.